ಗಡಿಬಿಡಿಯ ಬೆನ್ನ ಮೇಲೆ

ಫೆಬ್ರವರಿ ೨, ಭಾನುವಾರ

ನಮ್ಮ ಮನೆಯಲ್ಲಿ ಸಂಚು ನಡೆದಿದೆ. ಸಂಚುಗಾರರು ಮೂವರು: ಗಂಡ, ಅತ್ತೆ, ಹತ್ತು ವರ್ಷದ ಮಗಳು. ಬೆಳಗಿನ ಕಾಫಿ ಮುಗಿಯುವ ಹೊತ್ತಿಗೆ ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡು, "ಪುಟ್ಟಿ ಕುದುರೆ ಸವಾರಿ ಕಲೀಬೇಕಂತೆ" ಎಂದರು. ಪುಟ್ಟಿಗೆ ಹೊಸ ಪೆನ್ಸಿಲ್ ಬೇಕಂತೆ ಎನ್ನುವಷ್ಟು ಸಲೀಸಾಗಿ.

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಎಲ್ಲ ಆಗಲೇ ತೀರ್ಮಾನವಾಗಿದೆ ಎಂದು ಆಗ ತಿಳಿಯಿತು.

ನನ್ನ ಮಗಳೆಂದರೆ ಕಿಟಕಿ ತೆರೆಯಲೂ ಅಪ್ಪಣೆ ಕೇಳುವವಳು. ಮೆಟ್ಟಿಲು ಇಳಿಯುವಾಗ ಕಂಬಿ ಬಿಡದವಳು. ಪಾರ್ಕಿನ ಜಾರುಬಂಡೆಯ ತುದಿಯಲ್ಲಿ ಕೂತು, ಹಿಂದೆ ಬಂದ ಮಕ್ಕಳಿಗೆಲ್ಲ "ನೀವು ಹೋಗಿ, ನೀವು ಹೋಗಿ" ಎಂದು ದಾರಿ ಬಿಟ್ಟು, ಕೊನೆಗೆ ಏಣಿಯಿಂದಲೇ ಇಳಿದು ಬಂದವಳು. ಇವಳಿಗೆ ಈಗ ಕುದುರೆ ಬೇಕು.

"ಎಲ್ಲಿಂದ ಹೊಳೀತೇ ನಿಂಗೆ ಇದು?"

"ಶಾಲೆಯಿಂದ ಕುದುರೆ ಲಾಯ ನೋಡೋಕೆ ಕರ್ಕೊಂಡು ಹೋಗಿದ್ರಲ್ಲಮ್ಮ. ಅಲ್ಲೊಂದು ಕುದುರೆ ನನ್ನ ಬೆನ್ನಿಗೆ ಮೂಗು ಒರೆಸಿಕೊಳ್ತು."

ಅಷ್ಟೇ ಕಾರಣ. ಮೂಗು ಒರೆಸಿಕೊಂಡಿತಂತೆ.

"ಬಿದ್ರೆ?" ಎಂದೆ. ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ದಿನಬೆಳಗಾದರೆ ಜನರ ಕೈಕಾಲಿಗೆ ಪ್ಲಾಸ್ಟರ್ ಹಾಕುವವಳು ನಾನು. ಬೀಳುವುದರ ಬಗ್ಗೆ ಮಾತಾಡುವ ಹಕ್ಕು ಈ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ.

ಇವರು ಲಿಫ್ಟ್ ರಿಪೇರಿ ಮಾಡುವವರು. ಎದೆ ಉಬ್ಬಿಸಿ, "ನಾನು ದಿನಾ ಲಿಫ್ಟಿನ ಗುಂಡಿಗೆ ಇಳೀತೀನಿ. ಯಾವತ್ತಾದ್ರೂ ಬಿದ್ದಿದ್ದೀನಾ?" ಎಂದರು.

"ನಿಮ್ಮನ್ನ ಹಗ್ಗಕ್ಕೆ ಕಟ್ಟಿರ್ತಾರೆ."

"ಹಾಗಾದ್ರೆ ಇವಳನ್ನೂ ಕುದುರೆಗೆ ಕಟ್ಟಿಸೋಣ ಬಿಡು."

ಅತ್ತೆ ಲೋಟ ಕೆಳಗಿಟ್ಟರು. "ನಡೆಯೋರು ಎಡವ್ತಾರೆ, ಕೂತೋರು ಎಡವ್ತಾರಾ? ಕೂತೋರ ಕಾಲು ಊದಿಕೊಳ್ಳುತ್ತೆ ಅಷ್ಟೇ" ಎಂದು ತಮ್ಮ ಊದಿದ ಕಾಲನ್ನೇ ಸಾಕ್ಷಿಯಾಗಿ ಮುಂದೆ ಚಾಚಿದರು.

ಒಂದೇ ಒಂದು ದಿನಕ್ಕೆ ಒಪ್ಪಿದ್ದೇನೆ. ಹತ್ತಿರದಿಂದ ನೋಡಿದರೆ ಅತ್ತುಕೊಂಡು ವಾಪಸು ಬರುತ್ತಾಳೆ. ನನ್ನ ಮಗಳನ್ನು ನಾನರಿಯೆನೇ?


ಫೆಬ್ರವರಿ ೯, ಭಾನುವಾರ

ಅಳಲಿಲ್ಲ.

ಊರಾಚೆ, ಇಟ್ಟಿಗೆ ಗೋದಾಮು ದಾಟಿದ ಮೇಲೆ ಲಾಯ. ಗೇಟಿಗೆ ಬರುವ ಮೊದಲೇ ವಾಸನೆ ಬಂದು ಸ್ವಾಗತಿಸಿತು. ಕಲಿಸುವವರು ಒಬ್ಬ ಹೆಂಗಸು. ಆಳು ಸಣ್ಣ, ಗಂಟಲು ದೊಡ್ಡದು. ಮಕ್ಕಳೆಲ್ಲ ಹಿಂದಿನಿಂದ 'ಸಿಡಿಲು ಮೇಡಂ' ಎನ್ನುತ್ತಾರೆ. ಅವರ ಎಡಗಡೆಯ ಕಾಲರ್ ಬೋನ್ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿದೆ, ಬಲ ಮೊಣಕೈ ಪೂರ್ತಿ ನೀಡುವುದಿಲ್ಲ. ನಮಸ್ಕಾರ ಹೇಳುವಷ್ಟರಲ್ಲಿ ನಾನು ಇಷ್ಟನ್ನು ಓದಿಕೊಂಡಿದ್ದೆ. ಗುರುವಿನ ಮೈಯೇ ಹೀಗಿದ್ದರೆ ಶಿಷ್ಯರ ಗತಿ ಏನು?

"ಎಷ್ಟು ಸಲ ಬಿದ್ದಿದ್ದೀರಿ?" ಎಂದು ಕೇಳಿದೆ.

"ಹತ್ತಿದ್ದಕ್ಕಿಂತ ಒಂದು ಕಮ್ಮಿ" ಎಂದರು. ಇದು ಧೈರ್ಯ ಹೇಳುವ ಮಾತೇ?

ಮಗಳ ಬೆನ್ನಿಗೆ ಮೂಗು ಒರೆಸಿಕೊಂಡ ಆ ಪ್ರಾಣಿಯ ಹೆಸರು ಗಡಿಬಿಡಿ. ಬೂದು ಬಣ್ಣದ ಮುದಿ ಹೆಣ್ಣು ಕುದುರೆ, ನಿಂತಲ್ಲೇ ತೂಕಡಿಸುತ್ತಿತ್ತು. ಇದಕ್ಕೆ ಆ ಹೆಸರು ಹೇಗೆ ಬಂತೆಂದು ಕೇಳಿದರೆ ಮೇಡಂ, "ಹುಟ್ಟಿದ ದಿನ ಇಟ್ಟಿದ್ದು. ಆಮೇಲೆ ಅದು ತನ್ನ ಸ್ವಭಾವ ತೋರಿಸ್ತು" ಎಂದರು. ಅದರ ಬೆನ್ನು ನನ್ನ ಭುಜದ ಮಟ್ಟಕ್ಕಿದೆ. ಅಷ್ಟೆತ್ತರದಿಂದ ಬಿದ್ದರೆ ಮೊದಲು ಮಣಿಕಟ್ಟು, ಆಮೇಲೆ ಮೊಣಕೈ, ಆಮೇಲೆ ಭುಜ. ಎಕ್ಸ್‌ರೇ ಚಿತ್ರಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು.

ಮಗಳನ್ನು ಕೂರಿಸಿದರು. "ಈಗ ಹೇಳು, ನಡಿ ಅಂತ."

ಮಗಳು ಬಗ್ಗಿ ಕುದುರೆಯ ಕಿವಿಯಲ್ಲಿ, "ನಡೀತೀಯಾ?" ಎಂದು ಕೇಳಿದಳು. ಕುದುರೆ ಕಣ್ಣು ಮುಚ್ಚಿತು.

"ಅದರ ಅಪ್ಪಣೆ ಕೇಳ್ಬೇಡ! ಹೇಳು!" ಎಂದು ಸಿಡಿಲು ಬಡಿಯಿತು. ಬೆಚ್ಚಿದ್ದು ನಾನು. ಕುದುರೆಗೆ ಅದು ದಿನನಿತ್ಯದ್ದು.

"ನಡಿ" ಎಂದಳು. ಇಲ್ಲ. ಮತ್ತೊಮ್ಮೆ ಎಂದಳು. ಊಹೂಂ. ನಾನು ಬೇಲಿಯಾಚೆ ಒಳಗೊಳಗೇ ಗೆಲ್ಲುತ್ತಿದ್ದೆ. ಆಗ ಇದ್ದಕ್ಕಿದ್ದಂತೆ ಮಗಳು ಬೆನ್ನು ನೆಟ್ಟಗೆ ಮಾಡಿ, "ನಡೀ!" ಎಂದು ಕೂಗಿದಳು. ಆ ಧ್ವನಿಯನ್ನು ನಾನು ನಮ್ಮ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಗಡಿಬಿಡಿ ನಿಟ್ಟುಸಿರು ಬಿಟ್ಟು, ಸರ್ಕಾರಿ ಕಡತ ಜರುಗುವ ವೇಗದಲ್ಲಿ ಹೊರಟಿತು.

ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಮಾತಾಡುತ್ತಲೇ ಬಂದಳು. ಹೆಲ್ಮೆಟ್ಟಿನೊಳಗೆ ನನಗೆ ಅರ್ಧವೂ ಕೇಳಿಸಲಿಲ್ಲ. ಆದರೂ ಹೂಂಗುಟ್ಟಿದೆ.


ಫೆಬ್ರವರಿ ೧೬, ಭಾನುವಾರ

ತಿಂಗಳ ಫೀಸು ಕೇಳಿ, "ಇದರಲ್ಲಿ ಕುದುರೆಯೂ ಸೇರಿದೆಯಾ?" ಎಂದು ವಿಚಾರಿಸಿದೆ. ಮೇಡಂ ಮೊದಲ ಸಲ ನಕ್ಕರು. ಸೇರಿಲ್ಲವಂತೆ.

ಬೇಕಾದ್ದು ಇಷ್ಟು: ಬೇರೆ ತರಹದ ಹೆಲ್ಮೆಟ್, ಬೆನ್ನಿಗೆ ದಪ್ಪ ಕವಚ, ಹಿಮ್ಮಡಿ ಇರುವ ಬೂಟು. ಆ ಬೂಟು ಮಗಳ ಕಾಲಿಗೆ ಸರಿಯಾಗಿ ಕೂರುವುದು ಹೆಚ್ಚೆಂದರೆ ಮುಂದಿನ ರಜೆಯವರೆಗೆ. ಆಮೇಲೆ ಕಾಲು ಬೆಳೆದಿರುತ್ತದೆ, ಬೂಟು ಬೆಳೆದಿರುವುದಿಲ್ಲ. ಇವರು ತಮ್ಮ ಹಳೇ ಬೈಕಿನ ಬದಲು ಹೊಸದು ಕೊಳ್ಳುವ ಯೋಚನೆಯನ್ನು ಮುಂದೂಡಿದ್ದಾರಂತೆ. "ಕುದುರೇನೂ ಒಂದು ವಾಹನ ತಾನೆ" ಎಂದು ತಮ್ಮನ್ನೇ ಸಮಾಧಾನ ಮಾಡಿಕೊಂಡರು.

ಒಂದು ಷರತ್ತು ಹಾಕಿದ್ದೇನೆ. ಪ್ರತಿ ಭಾನುವಾರ ನಾನೂ ಹೋಗುತ್ತೇನೆ, ನನ್ನ ಜೊತೆ ನನ್ನ ಚೀಲವೂ ಬರುತ್ತದೆ. ಬ್ಯಾಂಡೇಜು, ಹತ್ತಿ, ಕೈಗೆ ಕಟ್ಟುವ ಮರದ ಪಟ್ಟಿ ಎಲ್ಲ ಇದೆ. ಭಾನುವಾರ ಎಂದರೆ ನಾನು ನಿಧಾನವಾಗಿ ಏಳುವ ಏಕೈಕ ದಿನವಾಗಿತ್ತು. ಅದೂ ಹೋಯಿತು.


ಮಾರ್ಚ್ ೨, ಭಾನುವಾರ

ಕುದುರೆ ಕಲಿಯುತ್ತಿರುವವಳು ಒಬ್ಬಳು, ನಾರುತ್ತಿರುವುದು ಇಡೀ ಮನೆ. ಸ್ಕೂಟರಿನ ಸೀಟು, ನನ್ನ ದುಪಟ್ಟಾ, ಬಚ್ಚಲಿನ ಟವೆಲು, ಎಲ್ಲದರಲ್ಲೂ ಕುದುರೆ. ಫ್ರಿಜ್ಜಿನಲ್ಲಿ ಕ್ಯಾರೆಟ್ ನಿಲ್ಲುತ್ತಿಲ್ಲ. ಯಾರು ತಿಂದರೆಂದು ಕೇಳಿದರೆ ಅತ್ತೆ, "ನಾನೇ ತಿಂದೆ, ಕಣ್ಣಿಗೆ ಒಳ್ಳೇದಂತೆ" ಎನ್ನುತ್ತಾರೆ. ಅವರ ಬಾಯಲ್ಲಿರುವುದು ಕಟ್ಟಿಸಿದ ಹಲ್ಲು. ಕ್ಯಾರೆಟ್ ಕಂಡರೆ ಮಾರು ದೂರ ಓಡುತ್ತಿದ್ದವರು.

ಲಾಯದಲ್ಲಿ ನನಗೂ ಒಂದು ಹೆಸರು ಬಿದ್ದಿದೆ: 'ಆಂಬುಲೆನ್ಸ್ ಅಕ್ಕ'. ನಗಲಿ. ನಗುತ್ತಲೇ ಒಬ್ಬರು ಮೊಣಕಾಲು ತೋರಿಸಿದರು, ಇನ್ನೊಬ್ಬರು ಕುತ್ತಿಗೆ ತೋರಿಸಿದರು. ಸವಾರಿ ಮುಗಿಯುವವರೆಗೆ ಬೇಲಿಯ ಪಕ್ಕ ನನ್ನದೇ ಹೊರರೋಗಿ ವಿಭಾಗ. ಆದರೆ ಒಂದು ಕಣ್ಣು ಸದಾ ಆ ಪ್ರಾಣಿಯ ಕಾಲಿನ ಮೇಲೆ.


ಮಾರ್ಚ್ ೯, ಭಾನುವಾರ

ಇಂದು ಮಗಳು ನನ್ನನ್ನು ಗದರಿದಳು.

ಅವಳ ಬೂಟಿನ ದಾರ ಬಿಚ್ಚಿದೆಯೆಂದು ಕುದುರೆಯ ಹಿಂದಿನಿಂದ ಓಡಿ ಹೋದೆ. "ಅಮ್ಮ! ಹಿಂದಿನಿಂದ ಬರಬೇಡ! ಅದಕ್ಕೆ ಕಾಣಿಸಲ್ಲ, ಒದ್ದುಬಿಡುತ್ತೆ. ಮುಂದಿನಿಂದ ಬಾ, ಮಾತಾಡ್ತಾ ಬಾ!" ಇಷ್ಟು ಜನರ ಎದುರಿಗೆ. ನಾನು ವಿಧೇಯಳಾಗಿ ಸುತ್ತು ಹಾಕಿ, "ಬಂದೆ, ಬಂದೆ, ನಾನೇ ಬರ್ತಿರೋದು" ಎಂದು ಕುದುರೆಗೆ ವರದಿ ಒಪ್ಪಿಸುತ್ತ ಮುಂದಿನಿಂದ ಹೋದೆ.

ಮನೆಗೆ ಬಂದು ದೂರು ಕೊಟ್ಟರೆ ಇವರು, "ನಿನ್ನ ಗದರೋರು ಒಬ್ಬರಾದ್ರೂ ಹುಟ್ಟಿದ್ರಲ್ಲ" ಎಂದು ತಮ್ಮ ಅಕ್ಕನ ಮನೆಗೆಲ್ಲ ಫೋನ್ ಮಾಡಿ ಹೇಳಿದರು.


ಮಾರ್ಚ್ ೨೩, ಭಾನುವಾರ

ಬರೀ ನಡಿಗೆ ಮುಗಿಯಿತು, ಈಗ ಕುಲುಕು ಓಟವಂತೆ. ಮಗಳ ತಲೆ ಮಿಕ್ಸಿಯ ಮುಚ್ಚಳದ ಹಾಗೆ ಅದುರುತ್ತಿತ್ತು. ಕೆನ್ನೆ ಕೆಂಪಾಗಿತ್ತು. ಅವಳು ನಗುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಶಾಲೆಯ ಟೀಚರ್ ಫೋನ್ ಮಾಡಿದ್ದರು. ತರಗತಿಯಲ್ಲಿ ಬಹಳ ಮಾತಾಡುತ್ತಾಳಂತೆ. "ಯಾರು, ನಮ್ಮವಳಾ?" ಎಂದು ಎರಡು ಸಲ ಕೇಳಿದೆ. ಸರಿಯಾದ ನಂಬರಿಗೇ ಮಾಡಿದ್ದರು.


ಮಾರ್ಚ್ ೩೦, ಭಾನುವಾರ

ಬಿದ್ದಳು. ಬಲಗೈ. ಬರೆಯಲು ಆಗುತ್ತಿಲ್ಲ.


ಮಾರ್ಚ್ ೩೧, ಸೋಮವಾರ

ರಜೆ ಹಾಕಿದ್ದೇನೆ. ಅವಳು ಮಲಗಿದ್ದಾಳೆ, ಪಕ್ಕದಲ್ಲಿ ಅತ್ತೆ. ಈಗ ಬರೆಯಬಹುದು.

ನಾಗಾಲೋಟವೇನೂ ಅಲ್ಲ, ಅದೇ ಕುಲುಕು ಓಟ. ಮಗಳು "ಓಡು, ಇನ್ನೂ ಜೋರಾಗಿ ಓಡು!" ಎಂದು ಕೂಗುವುದು ಬೇಲಿಯ ತನಕ ಕೇಳಿಸಿತು. ಮೂಲೆಯಲ್ಲಿ ಮರಳು ಕುಸಿದು ತಗ್ಗಾಗಿತ್ತಂತೆ. ಆ ಪ್ರಾಣಿಯ ಮುಂಗಾಲು ಅದರಲ್ಲಿ ಇಳಿಯಿತು, ಮುಗ್ಗರಿಸಿತು. ಮಗಳು ಅದರ ಕತ್ತಿನ ಮೇಲಿಂದ ಜಾರಿ ಕೈಯೂರಿ ಬಿದ್ದಳು. ನಾನು ಬೇಲಿ ಹೇಗೆ ದಾಟಿದೆನೋ ಗೊತ್ತಿಲ್ಲ. ಸುತ್ತಿ ಬರಲಿಲ್ಲ, ಹಾರಿದೆನಂತೆ.

ಅವಳು ಅಳುತ್ತಿರಲಿಲ್ಲ. ಮುಖ ಬಿಳಿಚಿತ್ತು. "ಗಡಿಬಿಡಿಗೆ ಪೆಟ್ಟಾಯ್ತಾ?" ಎಂಬುದೇ ಮೊದಲ ಮಾತು.

'ನಾನು ಹೇಳಿರಲಿಲ್ವಾ' ಎಂಬ ಭಾಷಣವನ್ನು ತಿಂಗಳಿಂದ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಬಾಯಿಗೆ ಬರಲಿಲ್ಲ.

ಮಣಿಕಟ್ಟಿನ ಮೇಲ್ಗಡೆ ಮೂಳೆ ಬಿರುಕು ಬಿಟ್ಟಿದೆ, ಜರುಗಿಲ್ಲ. ಎಷ್ಟು ಮಕ್ಕಳಿಗೆ ಇದೇ ಜಾಗದಲ್ಲಿ ಪ್ಲಾಸ್ಟರ್ ಹಾಕಿಲ್ಲ ನಾನು? ಅವರ ಅಮ್ಮಂದಿರಿಗೆ, "ಏನೂ ಆಗಲ್ಲ, ಮಕ್ಕಳ ಮೂಳೆ ಬೇಗ ಕೂಡುತ್ತೆ" ಎಂದು ಎಷ್ಟು ಸಲ ಹೇಳಿಲ್ಲ? ಆ ಅಮ್ಮಂದಿರು ಯಾಕೆ ನನ್ನ ಮಾತು ಕೇಳಿಸದವರಂತೆ ನಿಂತಿರುತ್ತಿದ್ದರೆಂದು ನಿನ್ನೆ ತಿಳಿಯಿತು. ಡಾಕ್ಟರು, "ಬೇರೆಯವರನ್ನ ಕರೀಲಾ?" ಎಂದರು. ಬೇಡವೆಂದೆ. ಪಟ್ಟಿ ನೀರಿನಲ್ಲಿ ಅದ್ದಿದೆ, ಹಿಂಡಿದೆ, ಸುತ್ತಿದೆ. ಸರಿಬರದೆ ಬಿಚ್ಚಿ ಮತ್ತೆ ಸುತ್ತಿದೆ. "ಅಮ್ಮ, ನಿಧಾನಕ್ಕೆ ಹಾಕು, ನಂಗೇನೂ ಅವಸರ ಇಲ್ಲ" ಎಂದಳು.

ಇವರು ಬಂದರು. ಒಂದು ತಮಾಷೆಯೂ ಬರಲಿಲ್ಲ ಬಾಯಿಂದ. ಹೊರಗೆ ಹೋಗಿ ಆಸ್ಪತ್ರೆಯ ಲಿಫ್ಟಿನ ಮುಂದೆ ಬಹಳ ಹೊತ್ತು ನಿಂತು, ತಿರುಗಿ ಬಂದು, "ಮೂರನೇ ಮಹಡೀಲಿ ಬಾಗಿಲು ಉಜ್ಜುತ್ತಿದೆ, ಯಾರೂ ನೋಡಿಲ್ಲ" ಎಂದರು. ಕಣ್ಣು ಕೆಂಪಗಿತ್ತು.


ಏಪ್ರಿಲ್ ೬, ಭಾನುವಾರ

"ಅಮ್ಮ, ನಾನಿನ್ನು ಕುದುರೆ ಹತ್ತಲ್ಲ" ಎಂದಳು. ತಾನಾಗಿಯೇ. ಯಾರ ಒತ್ತಾಯವೂ ಇಲ್ಲದೆ.

ಒಳ್ಳೆಯದೇ ಆಯಿತು. ನಾನು ಗೆದ್ದೆ. ಬೆಳಿಗ್ಗೆ ಎಂಟರವರೆಗೆ ಮಲಗಿದ್ದೆ. ನಿದ್ದೆ ಬರಲಿಲ್ಲ, ಅದು ಬೇರೆ ಮಾತು.


ಏಪ್ರಿಲ್ ೧೩, ಭಾನುವಾರ

ಲಾಯದಲ್ಲಿ ಬಿಟ್ಟುಬಂದಿದ್ದ ಬೆನ್ನಿನ ಕವಚ ತರಲು ಹೋಗಿದ್ದೆ. ಅದಕ್ಕಷ್ಟೇ.

ಆ ಪ್ರಾಣಿಯ ಮುಂಗಾಲು ಊದಿದೆ. ಪಶುವೈದ್ಯರು ಪಟ್ಟಿ ಕಟ್ಟಲು ಹೇಳಿ ಹೋಗಿದ್ದಾರೆ, ಸವಾರಿ ಬಂದ್. ಈ ವಯಸ್ಸಿನಲ್ಲಿ ಕಾಲು ಸರಿಯಾಗದಿದ್ದರೆ ಮತ್ತೆ ಮಕ್ಕಳನ್ನು ಹೊರಲಾರದು ಎಂದು ಮೇಡಂ ಹೇಳಿದರು. ಅವರ ಗಂಟಲಲ್ಲಿ ಸಿಡಿಲಿರಲಿಲ್ಲ.

ಆದರೆ ಕಟ್ಟಿದ್ದ ಪಟ್ಟಿ ನೋಡಿ ನನಗೆ ತಡೆಯಲಾಗಲಿಲ್ಲ. ಮೇಲೆ ಬಿಗಿ, ಕೆಳಗೆ ಸಡಿಲ. ಹಾಗೆ ಕಟ್ಟಿದರೆ ಬಾವು ಇಳಿಯುತ್ತದೆಯೇ? ಬಿಚ್ಚಿ ಸರಿಯಾಗಿ ಕಟ್ಟಿಬಂದೆ. ಮುಂದಿನಿಂದಲೇ ಹೋದೆ, ಮಾತಾಡುತ್ತಲೇ ಹೋದೆ. ಕಾಲು ಎತ್ತಿ ನನ್ನ ಮಡಿಲಲ್ಲಿಟ್ಟು ಮತ್ತೆ ತೂಕಡಿಸಿತು. ಇಷ್ಟು ಸಭ್ಯ ರೋಗಿ ನನಗೆ ಆಸ್ಪತ್ರೆಯಲ್ಲೂ ಸಿಕ್ಕಿಲ್ಲ.

ಕವಚ ತರುವುದು ಮರೆತುಹೋಯಿತು.


ಏಪ್ರಿಲ್ ೧೬, ಬುಧವಾರ

ಡ್ಯೂಟಿ ಮುಗಿಸಿ, ಕವಚ ತರಲು ಮತ್ತೆ ಹೋಗಿದ್ದೆ. ಹೋದದ್ದಕ್ಕೆ ಪಟ್ಟಿಯನ್ನೂ ಬದಲಾಯಿಸಿದೆ.


ಏಪ್ರಿಲ್ ೨೦, ಭಾನುವಾರ

ಕವಚ ತಂದಿದ್ದೇನೆ. ಆದರೆ ಬೂಟು ಅಲ್ಲೇ ಇದೆ.

ಮೈ ಉಜ್ಜುವ ಬ್ರಷ್ ಹಿಡಿಯುವುದು ಹೇಗೆಂದು ಮೇಡಂ ತೋರಿಸಿದರು. ಕತ್ತಿನಿಂದ ಶುರುಮಾಡಿ ಕೂದಲು ಬೆಳೆದ ದಿಕ್ಕಿಗೇ ಉಜ್ಜಬೇಕು. ಜೂಲಿನ ಕೆಳಗೆ ಉಜ್ಜಿದರೆ ಕೆಳತುಟಿ ಜೋತುಬಿದ್ದು ನಡುಗುತ್ತದೆ. ನಗು ಬಂದುಬಿಟ್ಟಿತು.

ಮಗಳಿಗೆ ಹೇಳಿಲ್ಲ. ಸುಮ್ಮನೆ ಯಾಕೆ ನೆನಪಿಸುವುದು? ಮನೆಯಲ್ಲಿ ಮತ್ತೆ ಕಂಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಳೆ. ಇಂದು, "ಅಮ್ಮ, ಟೀವಿ ಹಾಕ್ಲಾ? ಸೌಂಡ್ ಜಾಸ್ತಿ ಮಾಡ್ಲಾ? ಆಫ್ ಮಾಡ್ಲಾ?" ಎಂದು ಕೇಳಿದಳು. ಎಲ್ಲಕ್ಕೂ ಕೇಳುತ್ತಾಳೆ. ಇದೇ ತಾನೇ ನನಗೆ ಬೇಕಾಗಿದ್ದದ್ದು? ಯಾಕೋ ರೇಗಿತು. "ನಿಂಗೇನನ್ಸುತ್ತೋ ಹಾಗೆ ಮಾಡೇ!" ಎಂದು ಕೂಗಿಬಿಟ್ಟೆ. ಅವಳು ಟೀವಿ ಆಫ್ ಮಾಡಿ ಒಳಗೆ ಹೋದಳು.


ಏಪ್ರಿಲ್ ೩೦, ಬುಧವಾರ

ಇವರು ನನ್ನ ಚೀಲದಲ್ಲಿ ಕೈಹಾಕಿ ಕ್ಯಾರೆಟ್ ತೆಗೆದು ಮೇಜಿನ ಮೇಲಿಟ್ಟರು. ಹುಬ್ಬು ಮಾತ್ರ ಏರಿಸಿದರು.

"ಆಸ್ಪತ್ರೇಲಿ ತಿನ್ನೋಕೆ" ಎಂದೆ.

"ಬೂಟು ಸಿಕ್ತಾ?" ಎಂದರು.

ಅತ್ತೆ ಒಳಗಿನಿಂದಲೇ, "ಕ್ಯಾರೆಟ್ ಕಣ್ಣಿಗೆ ಒಳ್ಳೇದು ಕಣೋ, ಅವಳನ್ನ ಯಾಕೆ ಗೋಳು ಹುಯ್ಕೋತೀಯ?" ಎಂದು ನನ್ನ ಪರ ವಹಿಸಿದರು. ಈ ಮನೆಯಲ್ಲಿ ಯಾರ ಹೊಟ್ಟೆಯಲ್ಲೂ ಗುಟ್ಟು ನಿಲ್ಲುವುದಿಲ್ಲ, ಕ್ಯಾರೆಟ್ಟಂತೂ ಮೊದಲೇ ನಿಲ್ಲುವುದಿಲ್ಲ.

ಕಾಲಿನ ಬಾವು ಮುಕ್ಕಾಲು ಇಳಿದಿದೆ. ಇಂದು ನನ್ನ ಸ್ಕೂಟರಿನ ಸದ್ದು ಕೇಳಿಯೇ ಅವಳು ಕೆನೆದಳು. ಗಡಿಬಿಡಿ, ಮಗಳಲ್ಲ.


ಮೇ ೯, ಶುಕ್ರವಾರ

ಪ್ಲಾಸ್ಟರ್ ಬಿಚ್ಚಿದೆ. ಒಳಗಿನಿಂದ ಸಣಕಲು ಕೈಯೊಂದು ಹೊರಬಂತು, ಬೇರೆ ಯಾರದೋ ಎಂಬಂತೆ. ಮಗಳು ಅದನ್ನು ಮುಟ್ಟಿ ನೋಡಿ, "ಇದು ನಂದೇನಾ?" ಎಂದಳು. ಮೂಳೆ ಚೆನ್ನಾಗಿ ಕೂಡಿದೆ. ಡಾಕ್ಟರು, "ಪ್ಲಾಸ್ಟರ್ ಯಾರು ಹಾಕಿದ್ದು? ಫಸ್ಟ್ ಕ್ಲಾಸ್" ಎಂದು ನನ್ನ ಕಡೆ ಕಣ್ಣು ಮಿಟುಕಿಸಿದರು.


ಮೇ ೧೧, ಭಾನುವಾರ

ಇಂದು ಒಂದು ವಿಷಯ ತಿಳಿಯಿತು. ಇಷ್ಟು ದಿನ ನಾನು ಎಂಥ ಪೆದ್ದಿ!

ಊಟವಾದ ಮೇಲೆ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆವು. ಮಗಳು ಬಟ್ಟೆ ಮಡಿಸುತ್ತ, ನನ್ನ ಮುಖ ನೋಡದೆ, "ಅಮ್ಮ, ಮುದಿ ಕುದುರೆ ಕಾಲು ಮುರಿದ್ರೆ ಏನ್ಮಾಡ್ತಾರೆ?" ಎಂದು ಕೇಳಿದಳು.

"ಯಾಕೆ?"

"ಸುಮ್ನೆ."

ಸುಮ್ಮನೆ ಕೇಳುವ ಪ್ರಶ್ನೆಯೇ ಅದು? ಬಟ್ಟೆ ಪಕ್ಕಕ್ಕಿಟ್ಟು ಕೂರಿಸಿಕೊಂಡೆ. ಆಗ ಕಟ್ಟೆ ಒಡೆಯಿತು. ಬಿದ್ದ ದಿನ ಬರದಿದ್ದ ಅಳು ಇಂದು ಬಂತು.

"ಅದು ಓಡಲ್ಲ ಅಂತಿತ್ತಮ್ಮ. ನಾನೇ ಓಡು ಓಡು ಅಂತ ಕೂಗಿದೆ. ನಾನು ಹೇಳಿದ್ದಕ್ಕೇ ಅದು ಓಡಿದ್ದು. ಅದು ಕುಂಟ್ತಾ ಹೋಗಿದ್ದು ನೋಡ್ದೆ ನಾನು. ನಾನು ಸುಮ್ನಿದ್ದಿದ್ರೆ ಏನೂ ಆಗ್ತಿರ್ಲಿಲ್ಲ."

ಅವಳಿಗೆ ಬೀಳುವ ಹೆದರಿಕೆ ಎಂದು ನಾನು ತಿಳಿದಿದ್ದೆ. ತಿಳಿದು ಖುಷಿಯನ್ನೂ ಪಟ್ಟಿದ್ದೆ! ಅವಳ ಹೆದರಿಕೆ ತನ್ನ ಧ್ವನಿಯದ್ದೇ. ಬಾಯಿಬಿಟ್ಟು ಹೇಳಿದ ಮೊದಲ ಮಾತಿಗೆ ಯಾರಿಗೋ ಪೆಟ್ಟಾಯಿತಲ್ಲ ಎಂದು, ಆರು ವಾರದಿಂದ ಕಿಟಕಿಗೂ ಟೀವಿಗೂ ನನ್ನ ಅಪ್ಪಣೆ ಕೇಳುತ್ತ ಕೂತಿತ್ತು ನನ್ನ ಕೂಸು.

"ಗಡಿಬಿಡಿಯ ಕಾಲು ಮುರಿದಿಲ್ಲ, ಉಳುಕಿದ್ದಷ್ಟೇ" ಎಂದೆ. "ಈಗ ಬಾವು ಇಳಿದಿದೆ. ಮೊನ್ನೆ ಪಟ್ಟಿ ಬಿಚ್ಚಿದ ಮೇಲೆ ಲಾಯದ ಸುತ್ತ ಒಂದು ಸುತ್ತು ಬಂದ್ಳು. ನಿನ್ನ ತಪ್ಪಲ್ಲ ಪುಟ್ಟಿ, ಮರಳಿನ ತಗ್ಗಿಂದು."

ಅಳು ನಿಂತಿತು. ಕಣ್ಣು ಕಿರಿದಾಯಿತು. "ನಿಂಗೆ ಹೇಗೆ ಗೊತ್ತು?"

ಹೇಳಬೇಕಾಯಿತು. ಎಲ್ಲವನ್ನೂ. ಬುಧವಾರಗಳನ್ನೂ.

ಮಗಳು ನನ್ನನ್ನು ದಿಟ್ಟಿಸಿ, "ನನ್ನ ಕುದುರೇನ ನಂಗೆ ಹೇಳ್ದೆ ನೋಡ್ಕೊಂಡು ಬರ್ತಿದ್ಯಾ?" ಎಂದಳು. ಸಂತೋಷವೋ ಸಿಟ್ಟೋ ಹೇಳಲಾರೆ. ಎರಡೂ ಇತ್ತು. ಆಮೇಲೆ ಮತ್ತೆ ಮುಖ ಬಾಡಿತು. "ಆದ್ರೆ ಯಾರಾದ್ರೂ ಕೂತ್ರೆ ಮತ್ತೆ ನೋವಾಗುತ್ತೆ. ನೀನು ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

"ಭಾರ ಹೊರಬಹುದು ಅಂತ ಪಶುವೈದ್ಯರೇ ಹೇಳಿದ್ದಾರೆ."

"ನೀನು ನೋಡಿದ್ಯಾ ಯಾರಾದ್ರೂ ಕೂತಿದ್ದು?"

ನೋಡಿಲ್ಲ. ಆಗ ನನ್ನ ಬಾಯಿಂದ ಒಂದು ಮಾತು ಜಾರಿತು. ಬಾಯಿಬಿಟ್ಟರೆ ಬಣ್ಣಗೇಡು ಎನ್ನುವುದು ಸುಮ್ಮನೆ ಅಲ್ಲ. "ನಾನೇ ಕೂತು ತೋರಿಸ್ತೀನಿ. ನನ್ನ ಭಾರ ಹೊತ್ರೆ ನಿಂದು ಯಾವ ಲೆಕ್ಕ?"

ಒಣಗಿದ ಸೀರೆ ತೆಗೆಯಲು ಬಂದಿದ್ದ ಅತ್ತೆ, "ಅಯ್ಯೋ, ಆ ಮೂಕಪ್ರಾಣಿ ಏನು ಪಾಪ ಮಾಡಿತ್ತಮ್ಮ!" ಎಂದರು.


ಮೇ ೧೮, ಭಾನುವಾರ

ಕೂರಲೂ ಆಗುತ್ತಿಲ್ಲ. ದಿಂಬಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಇಡೀ ಸಂಸಾರ ಬಂದಿತ್ತು. ಅತ್ತೆ ಕುರ್ಚಿ ಹಾಕಿಸಿಕೊಂಡು ಬೇಲಿಯ ಬಳಿ ಕೂತಿದ್ದರು. ಇವರು ಫೋನಿನ ಕ್ಯಾಮೆರಾ ಒರೆಸುತ್ತಿದ್ದರು. ಮಗಳು ಮಾತ್ರ ದೂರ, ಕಂಬಕ್ಕೆ ಒರಗಿ ನಿಂತಿದ್ದಳು, ಸಣ್ಣ ಕೈಯನ್ನು ಎದೆಗೆ ಅವುಚಿಕೊಂಡು.

ಮೇಡಂ ಗಡಿಬಿಡಿಯ ಕಾಲನ್ನು ಇನ್ನೊಮ್ಮೆ ಒತ್ತಿ ನೋಡಿ, "ಅವಳು ಗಟ್ಟಿ ಇದ್ದಾಳೆ. ನೀವು ಹೇಗಿದ್ದೀರಿ?" ಎಂದರು. ನನ್ನ ತಲೆಗೆ ಲಾಯದ ಹೆಲ್ಮೆಟ್ ಹಾಕಿಸಿ, ಮೂರು ಮೆಟ್ಟಿಲಿನ ಸ್ಟೂಲ್ ತಂದರು. ಜೀನಿನಿಂದ ಜೋತುಬಿದ್ದ ರಿಕಾಪಿನಲ್ಲಿ ಕಾಲಿಡುವುದು ಹೇಗೆಂದು ತೋರಿಸಿದರು. ನಾನು ಹತ್ತಿದೆ ಎನ್ನುವುದಕ್ಕಿಂತ, ನನ್ನನ್ನು ಹಿಂದಿನಿಂದ ಮೂಟೆಯಂತೆ ಏರಿಸಿದರು ಎಂದರೆ ಸರಿ.

ಅಲ್ಲಿಂದ ನೆಲ ಕಾಣಿಸುತ್ತದೆ. ಕೆಳಗಿದ್ದಾಗ ಇರುವುದಕ್ಕಿಂತ ಬಹಳ ದೂರದಲ್ಲಿ. ಕೆಳಗೆ ನಿಂತು ಇಷ್ಟು ಭಾನುವಾರ ಹೆದರಿದ್ದು ಹೆದರಿಕೆಯೇ ಅಲ್ಲ. ಎರಡೂ ಕೈಯಲ್ಲಿ ಜೂಲು ಹಿಡಿದುಕೊಂಡೆ. ಕಣ್ಣು ಮುಚ್ಚಿಕೊಂಡೆ.

"ನಡಿ ಅನ್ನಿ" ಎಂದರು ಮೇಡಂ.

"ನಡೀತೀಯಾಮ್ಮ?" ಎಂದೆ.

ಬೇಲಿಯ ಬಳಿ ಇವರ ನಗು ಕೇಳಿಸಿತು. ಗಡಿಬಿಡಿ ಒಂದು ಕಿವಿ ಹಿಂದಕ್ಕೆ ತಿರುಗಿಸಿತು, ಅಷ್ಟೇ. ನಾನು ನಡುಗುತ್ತಿದ್ದೆ. ನಿಜವಾಗಿ ನಡುಗುತ್ತಿದ್ದೆ, ತಮಾಷೆಯಲ್ಲ. ಇಳಿಸಿ ಎಂದು ಹೇಳಲೂ ಬಾಯಿ ಒಣಗಿತ್ತು. ಮೇಡಂಗೆ ಅದು ಗೊತ್ತಾಯಿತೋ ಏನೋ, ಲಗಾಮಿಗೆ ಕೈಚಾಚಿದರು. ಆಮೇಲೆ ಯಾಕೋ ಕೈ ಹಿಂದಕ್ಕೆ ತೆಗೆದುಕೊಂಡರು.

ಮಗಳು ಬರುತ್ತಿದ್ದಳು. ಕುದುರೆಗೆ ಕಾಣುವಂತೆ ಮುಂದಿನಿಂದ, ಮಾತಾಡುತ್ತ. "ನಾನೇ ಕಣೇ, ನಾನೇ ಬಂದೆ. ಅಮ್ಮಂಗೆ ಏನೂ ಗೊತ್ತಾಗಲ್ಲ, ನೀನು ಬೇಜಾರು ಮಾಡ್ಕೋಬೇಡ." ಬಗ್ಗಿ ಆ ಕಾಲನ್ನು ಮೇಲಿನಿಂದ ಕೆಳಗೆ ಸವರಿದಳು. ಸವರಿ ಕೆಲಹೊತ್ತು ಹಾಗೇ ಕೂತಳು. ಗಡಿಬಿಡಿ ಕತ್ತು ಇಳಿಸಿ ಅವಳ ಬೆನ್ನಿಗೆ ಮೂಗು ಒರೆಸಿಕೊಂಡಿತು.

ಎದ್ದಳು. ಲಗಾಮು ಹಿಡಿದಳು. ನನ್ನ ಕಡೆ ನೋಡಿದಳು.

"ಅಮ್ಮ, ಕಣ್ಣು ಬಿಡು."

ಬಿಟ್ಟೆ.

"ಜೂಲು ಎಳೀಬೇಡ, ಅದಕ್ಕೆ ನೋವಾಗುತ್ತೆ. ಜೀನು ಹಿಡ್ಕೋ. ಹಿಮ್ಮಡಿ ಕೆಳಗೆ. ಕೆಳಗೆ ಅಂದ್ರೆ ಕೆಳಗೆ! ನೆಲ ನೋಡಬೇಡ, ಅಜ್ಜೀನ ನೋಡು. ಉಸಿರು ಬಿಡಮ್ಮ!"

ಬಿಟ್ಟೆ. ಅಷ್ಟು ಹೊತ್ತು ಹಿಡಿದಿದ್ದೆನೆಂದು ಆಗ ಗೊತ್ತಾಯಿತು.

"ಗಡಿಬಿಡಿ, ನಡೀ!"

ಅದೇ ಧ್ವನಿ. ಗಡಿಬಿಡಿ ನಡೆದಳು. ಕುಂಟಲಿಲ್ಲ. ಮಗಳು ಹೆಜ್ಜೆ ಹೆಜ್ಜೆಗೂ ಅವಳ ಕಾಲು ನೋಡುತ್ತ ನಡೆದಳು, ನಾನು ಮಗಳ ನೆತ್ತಿ ನೋಡುತ್ತ ಕೂತಿದ್ದೆ. ಒಂದು ಸುತ್ತು ಮುಗಿಯಿತು. ಅತ್ತೆಯ ಮುಂದೆ ಹಾದುಹೋಗುವಾಗ ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ತಟ್ಟಿದ್ದೆಂದು ತಿಳಿದು ಕೈಬೀಸಹೋದೆ. "ಜೀನು ಬಿಡಬೇಡ!" ಎಂದು ಮತ್ತೆ ಬೈಗುಳ.

ಇಳಿದ ಮೇಲೆ ಇವರ ಭುಜ ಹಿಡಿದೆ. "ಹೇಗಿತ್ತು?" ಎಂದರು. "ಅಪಾಯ" ಎಂದೆ. ಅಷ್ಟರಲ್ಲಿ ಮಗಳು ನನ್ನ ಹೆಲ್ಮೆಟ್ ಬಿಚ್ಚಿ ತನ್ನ ತಲೆಗೆ ಹಾಕಿಕೊಂಡು ಸ್ಟೂಲ್ ಹತ್ತುತ್ತಿದ್ದಳು. ಯಾರನ್ನೂ ಕೇಳಲಿಲ್ಲ. ಮೇಡಂ ಮಾತ್ರ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿದರು.


ಜೂನ್ ೪, ಬುಧವಾರ

ಬುಧವಾರಗಳಂದು ನಾನೂ ಸ್ವಲ್ಪ ಕಲಿಯುತ್ತಿದ್ದೇನೆ. ಬೆನ್ನುನೋವಿಗೆ ಒಳ್ಳೆಯದು. ನನಗೆ ಬೆನ್ನುನೋವಿಲ್ಲ. ಮುಂದೆ ಬರಬಹುದು.

ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಕುದುರೆ ಸವಾರಿ ದುಬಾರಿ, ಕೊಳಕು, ಅಪಾಯ. ಇದನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. ಇಂದು ಪ್ಲಾಸ್ಟರ್ ಕೋಣೆಯಲ್ಲಿ ಒಬ್ಬ ತಾಯಿಗೂ ಹೇಳಿದೆ, ಹೇಳುತ್ತ ಹೇಳುತ್ತ ಲಾಯಕ್ಕೆ ಹೋಗುವ ದಾರಿಯನ್ನೂ ಹೇಳಿದೆ.


ಜೂನ್ ೨೨, ಭಾನುವಾರ

ಮಗಳು ಇಂದು ಮತ್ತೆ ಬಿದ್ದಳು.

ನೆಲದ ಮೇಲಿಟ್ಟ ಮರದ ದಿಮ್ಮಿಯನ್ನು ದಾಟಿಸುವ ಪಾಠ. ಗಡಿಬಿಡಿ ದಿಮ್ಮಿಯವರೆಗೆ ಚೆನ್ನಾಗಿಯೇ ಬಂದಳು. ಅಲ್ಲಿಗೆ ಬಂದಮೇಲೆ ಮನಸ್ಸು ಬದಲಾಯಿಸಿ ನಿಂತುಬಿಟ್ಟಳು. ಮಗಳು ನಿಲ್ಲಲಿಲ್ಲ. ಪಕ್ಕಕ್ಕೆ ಜಾರಿ ಮರಳಿನ ಮೇಲೆ ದೊಪ್ಪೆಂದು ಕೂತಳು.

ನನ್ನ ಎರಡೂ ಕೈ ಬೇಲಿಯ ಮೇಲಿದ್ದವು. ಒಂದು ಕಾಲೂ ಬೇಲಿಯ ಮೇಲಿತ್ತು, ಅದು ಯಾವಾಗ ಏರಿತೋ ನಾನರಿಯೆ. ಇವರು ನನ್ನ ತೋಳು ಹಿಡಿಯಲಿಲ್ಲ, ಬೇಡವೆನ್ನಲೂ ಇಲ್ಲ, ನನ್ನನ್ನೇ ನೋಡುತ್ತಿದ್ದರು. ಕಾಲು ಕೆಳಗಿಳಿಸಿದೆ. ಅದನ್ನು ಇಳಿಸಿದಷ್ಟು ಕಷ್ಟದ ಕೆಲಸವನ್ನು ನಾನು ಈಚೆಗೆ ಮಾಡಿಲ್ಲ.

ಅವಳು ಕೂತಲ್ಲೇ ಮಣಿಕಟ್ಟು ತಿರುಗಿಸಿ ನೋಡಿಕೊಂಡಳು, ನಾನು ರೋಗಿಗಳಿಗೆ ಹೇಳಿಕೊಡುವ ಹಾಗೆಯೇ, ಒಳಗೊಮ್ಮೆ, ಹೊರಗೊಮ್ಮೆ. ಎದ್ದು ಮರಳು ಉಗಿದಳು. ಹೋಗಿ ಗಡಿಬಿಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಏನೋ ಬುದ್ಧಿ ಹೇಳಿದಳು. ಗಡಿಬಿಡಿ ತಲೆ ತಗ್ಗಿಸಿ ಕೇಳಿಸಿಕೊಂಡಳು, ಇಲ್ಲವೇ ತೂಕಡಿಸಿದಳು. ಆಮೇಲೆ ಮಗಳು ಮತ್ತೆ ಹತ್ತಿ ಕೂತು, ಲಗಾಮು ಸರಿಮಾಡಿಕೊಂಡು, ಬೇಲಿಯ ಕಡೆ ತಿರುಗಿದಳು.

"ಅಮ್ಮಾ, ನೀನು ಆರಾಮಾಗಿದ್ದೀ ತಾನೆ?" ಎಂದು ಅಲ್ಲಿಂದಲೇ ಕೂಗಿ ಕೇಳಿದಳು.

"ಆರಾಮಾಗಿದ್ದೀನಿ," ಎಂದು ಕೂಗಿದೆ, "ನೀನು ನಡಿ."